ಉಬ್ಬಿದ ನರಕ್ಕೆ ಹೊಕ್ಕುಳಿನ ದಾರಿ

ಸೇನಾ ನೇಮಕಾತಿ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿ, ಬೀಮಿಗೆ ಜೋತುಬಿದ್ದು ಪುಲ್‌ಅಪ್ ಹೊಡೆದು, ಒಂಬತ್ತು ಅಡಿಯ ಹಳ್ಳ ಜಿಗಿದ ಹುಡುಗ ಕೊನೆಗೆ ವೈದ್ಯಕೀಯ ತಪಾಸಣೆಯ ಕೋಣೆಯಲ್ಲಿ ಬಟ್ಟೆ ಬಿಚ್ಚಿ ನಿಲ್ಲುತ್ತಾನೆ. ವೈದ್ಯರು ಕೆಮ್ಮಲು ಹೇಳುತ್ತಾರೆ, ವೃಷಣದ ಮೇಲ್ಭಾಗವನ್ನು ಬೆರಳಿನಿಂದ ಹಿಡಿದು ನೋಡುತ್ತಾರೆ, ಹಾಳೆಯ ಮೇಲೆ ‘ವೆರಿಕೋಸೀಲ್’ ಎಂದು ಗೀಚುತ್ತಾರೆ. ಅಲ್ಲಿಯವರೆಗೆ ಅವನಿಗೆ ನೋವಿರಲಿಲ್ಲ, ಬಾವಿರಲಿಲ್ಲ, ತನ್ನ ಮೈಯಲ್ಲಿ ಹಾಗೊಂದು ಇದೆಯೆಂಬ ಸುಳಿವೂ ಇರಲಿಲ್ಲ. ಹಾಗೆ ಬರೆಸಿಕೊಂಡವನು ಹೆಚ್ಚಾಗಿ ಚಿಕಿತ್ಸೆ ಮಾಡಿಸಿಕೊಂಡು ಬಂದ ಮೇಲಷ್ಟೇ ‘ಫಿಟ್’. ಹೀಗೆ ಬೆಳಗಾವಿಯಿಂದ ಕೊಡಗಿನವರೆಗೆ ವರ್ದಿಯ ಕನಸು ಕಟ್ಟಿಕೊಂಡ ಎಷ್ಟೋ ಹುಡುಗರು ಕಾಯಿಲೆಯ ಕಾಟಕ್ಕಲ್ಲ, ಕೆಲಸದ ಆಸೆಗೆ ಆಪರೇಷನ್ ಟೇಬಲ್ ಏರುತ್ತಾರೆ.

ಈ ಕಾಯಿಲೆ ಪತ್ತೆಯಾಗುವ ಇನ್ನೊಂದು ದಾರಿ ಬಹಳ ಉದ್ದದ್ದು. ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ‘ಏನಾದರೂ ವಿಶೇಷ?’ ಎಂಬ ಪ್ರಶ್ನೆಗೆ ಉತ್ತರವಿಲ್ಲವೆಂದಾಗ ನಮ್ಮ ಮನೆಗಳಲ್ಲಿ ಮೊದಲು ಹೊರಡುವುದು ಸೊಸೆಯ ಮೆರವಣಿಗೆ. ರಕ್ತ ಪರೀಕ್ಷೆ, ಸ್ಕ್ಯಾನು, ಟ್ಯೂಬಿನ ಎಕ್ಸ್‌ರೇ, ನಡುವೆ ಹರಕೆ, ನಾಗಪ್ರತಿಷ್ಠೆ. ಮಗನ ವೀರ್ಯ ಪರೀಕ್ಷೆಯ ಮಾತು ಬರುವುದು ಇವೆಲ್ಲ ಮುಗಿದ ಮೇಲೆ, ಅದೂ ಬಂದರೆ. ಇಡೀ ಸರಣಿಯಲ್ಲಿ ಅಗ್ಗವಾದ, ಸೂಜಿಯೂ ಚುಚ್ಚದ ಪರೀಕ್ಷೆ ಅದೊಂದೇ ಎಂಬುದು ಯಾರ ತಲೆಗೂ ಹೋಗುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಮೊದಲ ಮಗುವೇ ಆಗದೆ ತಪಾಸಣೆಗೆ ಬರುವ ಗಂಡಸರಲ್ಲಿ ಸುಮಾರು ಶೇ. 35ರಿಂದ 40 ಮಂದಿಗೆ ವೆರಿಕೋಸೀಲ್ ಇರುವುದು ಕಾಣುತ್ತದೆ.

ಇಲ್ಲಿಯೇ ಒಂದು ಎಚ್ಚರ ಬೇಕು. ಏನೂ ತೊಂದರೆಯಿಲ್ಲದ, ಮಕ್ಕಳು ಮರಿ ಮಾಡಿಕೊಂಡು ಸುಖವಾಗಿರುವ ಗಂಡಸರಲ್ಲೂ ಸುಮಾರು ಶೇ. 15 ಮಂದಿಗೆ ಇದು ಇದೆ. ನೂರು ಜನ ಕೂತ ಮದುವೆ ಪಂಕ್ತಿಯಲ್ಲಿ ಗಂಡಸರನ್ನು ಎಣಿಸಿದರೆ ಏಳೆಂಟು ಮಂದಿಗಾದರೂ ಇದ್ದೀತು, ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರದು. ಅಂದರೆ ನರ ಉಬ್ಬಿದೆ ಎಂದ ಮಾತ್ರಕ್ಕೆ ರೋಗವೆನ್ನಲು ಬರುವುದಿಲ್ಲ, ರೋಗವಾದ ಮಾತ್ರಕ್ಕೆ ಕೊಯ್ಯಬೇಕೆಂದೂ ಇಲ್ಲ. ಈ ಚಿಕಿತ್ಸೆಯ ಸುತ್ತ ಎಪ್ಪತ್ತು ವರ್ಷಗಳಿಂದ ನಡೆದ ಜಗಳಗಳೆಲ್ಲ ಹುಟ್ಟಿದ್ದು ಈ ಎರಡು ಶೇಕಡಾವಾರುಗಳ ನಡುವಿನ ಸಂದಿಯಲ್ಲಿ.

ಜನ ‘ನರ’ ಎನ್ನುವುದು ಇಲ್ಲಿ ಅಭಿಧಮನಿಗೆ, ಅಂದರೆ ಬಳಸಿದ ರಕ್ತವನ್ನು ಹೃದಯದ ಕಡೆ ಮರಳಿ ಒಯ್ಯುವ ನಾಳಕ್ಕೆ. ಗರ್ಭದಲ್ಲಿರುವ ಗಂಡುಮಗುವಿನ ವೃಷಣಗಳು ಮೊದಲು ಬೆಳೆಯುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಸಮೀಪ. ಹೆರಿಗೆಗೆ ಮುಂಚೆ ಅವು ಕೆಳಗಿಳಿದು ಚೀಲ ಸೇರುವಾಗ ತಮ್ಮ ರಕ್ತನಾಳಗಳನ್ನೂ ಎಳೆದುಕೊಂಡೇ ಬರುತ್ತವೆ. ಹಾಗಾಗಿ ವೃಷಣದ ರಕ್ತ ಅಷ್ಟುದ್ದ ಮೇಲೇರಿಯೇ ಮೂಲ ಸ್ಥಾನ ಸೇರಬೇಕು. ಬಲಗಡೆಯ ನಾಳ ದೇಹದ ದೊಡ್ಡ ಅಭಿಧಮನಿಗೆ ಓರೆಯಾಗಿ ಕೂಡುತ್ತದೆ, ಹರಿವು ಸಲೀಸು. ಎಡಗಡೆಯದು ಎಂಟು ಹತ್ತು ಸೆಂ.ಮೀ. ಹೆಚ್ಚು ಉದ್ದ, ಮೇಲಾಗಿ ಎಡ ಮೂತ್ರಪಿಂಡದ ಅಭಿಧಮನಿಗೆ ನೇರ ಲಂಬಕೋನದಲ್ಲಿ ಬಂದು ಬಡಿಯುತ್ತದೆ. ಆ ಮೂತ್ರಪಿಂಡದ ಅಭಿಧಮನಿಯೋ, ಹೃದಯದಿಂದ ರಕ್ತ ತರುವ ಎರಡು ಅಪಧಮನಿಗಳ ಇಕ್ಕಟ್ಟಿನಲ್ಲಿ ಹಾದುಹೋಗಬೇಕು. ನಿಂತ ನಿಲುವಿನಲ್ಲಿ ಬದುಕುವ ಮನುಷ್ಯನಿಗೆ ಇದು ದೊಡ್ಡ ಏರು. ನಾಳದೊಳಗಿನ ಕವಾಟಗಳು ಸೋತರೆ ರಕ್ತ ಕೆಳಗೇ ಜಗ್ಗಿ, ವೃಷಣದ ಮೇಲಿನ ನಾಳಗಳ ಜಾಲ ಊದಿಕೊಳ್ಳುತ್ತದೆ. ಹತ್ತರಲ್ಲಿ ಒಂಬತ್ತು ಪ್ರಕರಣಗಳು ಎಡಗಡೆಯೇ ಕಾಣುವುದಕ್ಕೆ ಇದು ಕಾರಣ. ಹತ್ತು ವರ್ಷದೊಳಗಿನ ಹುಡುಗರಲ್ಲಿ ಇದು ಅಪರೂಪ. ಪ್ರಾಯ ಬರುವ ಹೊತ್ತಿಗೆ ವೃಷಣಕ್ಕೆ ರಕ್ತದ ಹರಿವು ಹೆಚ್ಚಿದಂತೆ ತಲೆಯೆತ್ತುತ್ತದೆ.

ಬಲಗಡೆ ಮಾತ್ರ ಕಂಡರೆ, ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ, ಮಲಗಿದರೂ ಊತ ಇಳಿಯದಿದ್ದರೆ, ಹೊಟ್ಟೆಯ ಸ್ಕ್ಯಾನ್ ಮಾಡದೆ ಬಿಡಬಾರದು. ಮೂತ್ರಪಿಂಡದ ಗೆಡ್ಡೆಯೊಂದು ನಾಳವನ್ನು ಒತ್ತಿ ಹಿಡಿದಿರಬಹುದು.

ಕರಾವಳಿಯವರಿಗೂ ಕಲಬುರಗಿ, ಯಾದಗಿರಿ ಕಡೆಯವರಿಗೂ ಬೀಜ ಊದುವುದೆಂದರೆ ಆನೆಕಾಲು ರೋಗದ ನೆನಪು. ಸೊಳ್ಳೆಯಿಂದ ಹರಡುವ ಫೈಲೇರಿಯಾದಲ್ಲಿ ಆಗುವುದು ಹೈಡ್ರೋಸೀಲ್, ವೃಷಣದ ಸುತ್ತ ನೀರು ತುಂಬುವ ತೊಂದರೆ. ವೆರಿಕೋಸೀಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ವೆರಿಕೋಸೀಲಿಗೆ ಮಾಡಿದ ಆಪರೇಷನ್ನಿನಿಂದಲೇ ಹೈಡ್ರೋಸೀಲ್ ಬರಬಹುದು. ಆ ಕಥೆ ಮುಂದೆ ಬರುತ್ತದೆ.

ವೀರ್ಯಾಣು ತಯಾರಾಗಲು ಮೈಯ ಶಾಖಕ್ಕಿಂತ ಎರಡು ನಾಲ್ಕು ಡಿಗ್ರಿ ತಂಪು ಬೇಕು; ವೃಷಣಗಳು ಹೊಟ್ಟೆ ಬಿಟ್ಟು ಹೊರಗೆ ನೇತಾಡುವುದೇ ಅದಕ್ಕಾಗಿ. ಮೇಲಿನಿಂದ ಬರುವ ಬಿಸಿ ಅಪಧಮನಿಯನ್ನು ಸುತ್ತುವರಿದ ಅಭಿಧಮನಿಗಳ ಜಾಲ, ಬರುವ ರಕ್ತದ ಕಾವನ್ನು ದಾರಿಯಲ್ಲೇ ಹೀರಿಕೊಳ್ಳುತ್ತದೆ. ಜಾಲದಲ್ಲಿ ರಕ್ತ ನಿಂತರೆ ಈ ತಂಪಿನ ವ್ಯವಸ್ಥೆ ಕೆಡುತ್ತದೆ. ಆಮ್ಲಜನಕದ ಕೊರತೆ, ಜೀವಕೋಶಗಳನ್ನು ಸವೆಸುವ ಉತ್ಕರ್ಷಕ ಕಣಗಳ ಹಾವಳಿ, ಮೂತ್ರಪಿಂಡದ ಕಡೆಯಿಂದ ಹಿಮ್ಮುಖವಾಗಿ ಹರಿದು ಬರುವ ತ್ಯಾಜ್ಯ, ಹೀಗೆ ಇನ್ನೂ ಕೆಲವು ಕಾರಣಗಳನ್ನು ತಜ್ಞರು ಹೇಳುತ್ತಾರೆ. ಶಾಖದ ವಿವರಣೆಗೆ ಇರುವಷ್ಟು ಒಪ್ಪಿಗೆ ಉಳಿದವಕ್ಕಿಲ್ಲ. ಎಡಗಡೆ ಮಾತ್ರ ನರ ಉಬ್ಬಿದವನಲ್ಲಿ ಎರಡೂ ವೃಷಣಗಳ ಕೆಲಸ ಯಾಕೆ ಕುಗ್ಗುತ್ತದೆ ಎಂಬುದಕ್ಕೂ ಶಾಖವೇ ಸಮಾಧಾನಕರ ಉತ್ತರ: ಎರಡಕ್ಕೂ ಇರುವುದು ಒಂದೇ ಚೀಲ.

ಒಂದನೇ ಶತಮಾನದ ರೋಮ್‌ನಲ್ಲಿ ಸೆಲ್ಸಸ್ ಆಗಲೇ ಇದನ್ನು ಗುರುತಿಸಿದ್ದ. ನರ ಉಬ್ಬಿದ ಕಡೆಯ ವೃಷಣ ತನ್ನ ಜೊತೆಯದಕ್ಕಿಂತ ಸಣ್ಣದಾಗುತ್ತದೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಆದರೆ ಅದಕ್ಕೂ ಸಂತಾನಕ್ಕೂ ಗಂಟು ಹಾಕಿ ವೈದ್ಯಲೋಕ ಎದ್ದು ಕೂರುವಂತೆ ಮಾಡಿದ್ದು ಎಡಿನ್‌ಬರೋದ ಶಸ್ತ್ರವೈದ್ಯ ಸೆಲ್ಬಿ ಟುಲಕ್. ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿದ್ದ ಒಬ್ಬನಿಗೆ ಎರಡೂ ಕಡೆಯ ವೆರಿಕೋಸೀಲ್ ಕಟ್ಟಿದ ಬಳಿಕ ವೀರ್ಯಾಣು ಕಾಣಿಸಿಕೊಂಡು, ಹೆಂಡತಿ ಬಸುರಾದ ವಿವರವನ್ನು ಅವನು 1952ರಲ್ಲಿ ಪ್ರಕಟಿಸಿದ. ಒಬ್ಬನ ಕಥೆಯಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆದರೂ ಆ ಒಬ್ಬನ ಕಥೆ ಜಗತ್ತಿನ ಆಪರೇಷನ್ ಥಿಯೇಟರುಗಳಲ್ಲಿ ಲಕ್ಷಾಂತರ ದೀಪ ಹೊತ್ತಿಸಿತು.

ಕಟ್ಟುವುದು ಎಲ್ಲಿ ಎಂಬ ಪ್ರಶ್ನೆಗೆ ಲ್ಯಾಟಿನ್ ಅಮೆರಿಕದ ಇಬ್ಬರು ಅಷ್ಟರಲ್ಲಿ ಎರಡು ಉತ್ತರ ಕೊಟ್ಟಾಗಿತ್ತು. ಅರ್ಜೆಂಟೀನಾದ ಇವಾನಿಸ್ಸೆವಿಚ್ ತೊಡೆಸಂದಿಯಲ್ಲಿ, ಹರ್ನಿಯಾ ಆಪರೇಷನ್ ಮಾಡುವ ಜಾಗದಲ್ಲಿ ಕೊಯ್ದು ಅಭಿಧಮನಿಯನ್ನು ಕಟ್ಟುತ್ತಿದ್ದ. 42 ವರ್ಷಗಳಲ್ಲಿ ಮಾಡಿದ 4,470 ಆಪರೇಷನ್‌ಗಳ ಅನುಭವವನ್ನು ಅವನು 1960ರಲ್ಲಿ ಬರೆದಿಟ್ಟ. ಗ್ವಾಟೆಮಾಲಾದ ಪಲೋಮೊ 1949ರಲ್ಲಿ ಇನ್ನೂ ಮೇಲೆ, ಹೊಟ್ಟೆಯ ಹಿಂಭಾಗಕ್ಕೆ ಹೋಗಿ, ಅಭಿಧಮನಿಯ ಜೊತೆಗೆ ಅಪಧಮನಿಯನ್ನೂ ಸೇರಿಸಿಯೇ ಕಟ್ಟಿ ಕತ್ತರಿಸಿದ. ರಕ್ತ ಕೊಡುವ ನಾಳವನ್ನೇ ಕಡಿದರೆ ವೃಷಣ ಒಣಗುವುದಿಲ್ಲವೇ? ಹೆಚ್ಚಾಗಿ ಒಣಗುವುದಿಲ್ಲ. ವೃಷಣಕ್ಕೆ ರಕ್ತ ಬರುವುದು ಮೂರು ದಾರಿಯಿಂದ. ಮುಖ್ಯ ಅಪಧಮನಿ ಹೋದರೂ ವೀರ್ಯನಾಳದ ಜೊತೆಗಿರುವ ಸಣ್ಣ ಅಪಧಮನಿ ಮತ್ತು ಹೊರ ಸ್ನಾಯುವಿನ ಅಪಧಮನಿ ಸೇರಿ ಸಂಸಾರ ತೂಗಿಸುತ್ತವೆ. ಮೊದಲೇ ಹರ್ನಿಯಾ ಆಪರೇಷನ್ನೋ ವ್ಯಾಸೆಕ್ಟಮಿಯೋ ಆಗಿ ಆ ಸಣ್ಣ ದಾರಿಗಳು ಕೆಟ್ಟವರಲ್ಲಿ ಮಾತ್ರ ಈ ಧೈರ್ಯ ಅಪಾಯಕಾರಿ.

ಹೊಟ್ಟೆಯೊಳಗಿನಿಂದ ಕಟ್ಟುವ ಇಂದಿನ ಲ್ಯಾಪರೋಸ್ಕೋಪಿ ಪಲೋಮೊನ ಮಾರ್ಗದ ಮೊಮ್ಮಗ. ಸ್ಪೇನಿನ ಸಾಂಚೆಸ್ ದೆ ಬದಾಖೋಸ್ 1988ರಲ್ಲಿ ಈ ಬಗೆಯ ಆಪರೇಷನ್ನನ್ನು ಮೊದಲು ವರದಿ ಮಾಡಿದ. ಪಿತ್ತಕೋಶವನ್ನು ರಂಧ್ರದ ಮೂಲಕ ತೆಗೆಯಬಹುದೆಂದು ಜರ್ಮನಿಯ ಮ್ಯೂಹೆ 1985ರಲ್ಲಿ ತೋರಿಸಿ ಆಗಿನ್ನೂ ಮೂರೇ ವರ್ಷ. ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಂಟನ್ ಉದ್ವಾಡಿಯಾ ಭಾರತದ ಮೊದಲ ಲ್ಯಾಪರೋಸ್ಕೋಪಿಕ್ ಪಿತ್ತಕೋಶ ಆಪರೇಷನ್ ಮಾಡಿದ್ದು 1990ರಲ್ಲಿ. ಹೊಸ ಉಪಕರಣ ಕೈಗೆ ಬಂದ ಶಸ್ತ್ರವೈದ್ಯರು ಹೊಟ್ಟೆಯೊಳಗೆ ಇನ್ನೇನೇನು ಮಾಡಬಹುದೆಂದು ಹುಡುಕುತ್ತಿದ್ದ ಹುಮ್ಮಸ್ಸಿನ ಕಾಲ ಅದು.

1992ನೇ ಇಸವಿಯಂತೂ ಈ ಕಾಯಿಲೆಯ ಚರಿತ್ರೆಯಲ್ಲಿ ವಿಚಿತ್ರ ವರ್ಷ. ಅಮೆರಿಕದ ಡೊನೊವನ್ ಮತ್ತು ವಿನ್‌ಫೀಲ್ಡ್ ರಂಧ್ರದ ಮೂಲಕ ನರ ಕಟ್ಟುವ ತಮ್ಮ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ನ್ಯೂಯಾರ್ಕಿನ ಮಾರ್ಕ್ ಗೋಲ್ಡ್‌ಸ್ಟೀನ್, ತೊಡೆಸಂದಿಯ ಸಣ್ಣ ಗಾಯದ ಮೇಲೆ ಸೂಕ್ಷ್ಮದರ್ಶಕ ಹಿಡಿದು ಅಪಧಮನಿಯನ್ನೂ ದುಗ್ಧನಾಳಗಳನ್ನೂ (ಲಿಂಫ್ ನಾಳಗಳನ್ನೂ) ಉಳಿಸುವ ಬಗೆಯನ್ನು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 9,034 ಗಂಡಸರ ಅಧ್ಯಯನ ಹೊರತಂದಿತು. ವೀರ್ಯ ಸರಿಯಿಲ್ಲದವರಲ್ಲಿ ಶೇ. 25.4 ಮಂದಿಗೆ, ಸರಿಯಿದ್ದವರಲ್ಲಿ ಶೇ. 11.7 ಮಂದಿಗೆ ವೆರಿಕೋಸೀಲ್ ಇತ್ತು. ಇವರೆಲ್ಲರ ಬುಡಕ್ಕೇ ನೀರು ತರುವಂತೆ ಬ್ರಸೆಲ್ಸ್‌ನಿಂದ ನಾಲ್ಕನೆಯ ಸುದ್ದಿ ಬಂತು: ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಚುಚ್ಚಿ ಬಸುರು ಮಾಡಿಸುವ ‘ಇಕ್ಸಿ’. ಒಂದು ವೀರ್ಯಾಣು ಸಾಕೆಂದಾದರೆ ಲಕ್ಷಗಟ್ಟಲೆ ಹೆಚ್ಚಿಸಲು ನರ ಯಾಕೆ ಕಟ್ಟಬೇಕು ಎಂಬ ಪ್ರಶ್ನೆ ಅಂದು ಹುಟ್ಟಿದ್ದು ಇನ್ನೂ ಸತ್ತಿಲ್ಲ.

ಥಿಯೇಟರಿನೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ರೋಗಿಗೆ ಪೂರ್ತಿ ಮೈ ಮರೆಸುವ ಅರಿವಳಿಕೆ ಬೇಕು, ಮೂತ್ರಚೀಲ ಖಾಲಿ ಇರಬೇಕು. ಹೊಕ್ಕುಳಿನ ಅಂಚಿನಲ್ಲಿ ಸಣ್ಣ ಗಾಯ ಮಾಡಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಒತ್ತಡ 12ರಿಂದ 15 ಮಿ.ಮೀ. ಪಾದರಸ. (ಗ್ಯಾಸ್ ತುಂಬಲು ಬಳಸುವ ವೆರೆಸ್ ಸೂಜಿ ಹುಟ್ಟಿದ್ದು ಕ್ಷಯರೋಗಿಗಳ ಎದೆಗೆ ಗಾಳಿ ಬಿಡಲು. ಹಂಗೇರಿಯ ವೈದ್ಯನೊಬ್ಬ 1930ರ ದಶಕದಲ್ಲಿ ಮಾಡಿದ್ದು ಈಗ ಇಡೀ ಜಗತ್ತಿನ ಹೊಟ್ಟೆ ಉಬ್ಬಿಸುತ್ತಿದೆ.) ಹೊಕ್ಕುಳಿನಲ್ಲಿ 10 ಮಿ.ಮೀ. ತೂತಿನಿಂದ ಕ್ಯಾಮೆರಾ, ಕೆಳಹೊಟ್ಟೆಯಲ್ಲಿ ಸಾಮಾನ್ಯವಾಗಿ 5 ಮಿ.ಮೀ.ನ ಎರಡು ತೂತುಗಳಿಂದ ಉಪಕರಣಗಳು. ಟೇಬಲ್ಲನ್ನು ತಲೆ ಕೆಳಗಾಗುವಂತೆ ವಾಲಿಸಿದರೆ ಕರುಳು ತಾನಾಗಿ ಎದೆಯ ಕಡೆ ಸರಿದು ಜಾಗ ಬಿಡುತ್ತದೆ.

ಪರದೆಯ ಮೇಲೆ ಮೊದಲು ಹುಡುಕುವುದು ತೊಡೆಸಂದಿಯ ಒಳಬಾಗಿಲನ್ನು. ಒಳಗಡೆಯಿಂದ ಬೆಳ್ಳಗಿನ ವೀರ್ಯನಾಳ, ಮೇಲಿನಿಂದ ನೀಲಿ ರಕ್ತನಾಳಗಳ ಕಟ್ಟು, ಎರಡೂ ಅಲ್ಲಿ ಕೂಡಿ ಮರೆಯಾಗುತ್ತವೆ. ಎಡಗಡೆ ಕೆಲವೊಮ್ಮೆ ದೊಡ್ಡ ಕರುಳು ಅಂಟಿಕೊಂಡಿರುತ್ತದೆ, ಬಿಡಿಸಬೇಕು. ಬಾಗಿಲಿನಿಂದ ಮೂರು ನಾಲ್ಕು ಸೆಂ.ಮೀ. ಮೇಲೆ ತೆಳುಪೊರೆಯನ್ನು ಸೀಳಿದರೆ ಕಟ್ಟು ಬಯಲಾಗುತ್ತದೆ. ಹೊರಗೆ ನಿಂತ ಸಹಾಯಕ ವೃಷಣವನ್ನು ಮೆಲ್ಲಗೆ ಎಳೆಯುತ್ತಾನೆ, ಪರದೆಯ ಮೇಲೆ ಕಟ್ಟು ಕದಲುತ್ತದೆ: ಹಿಡಿದದ್ದು ಸರಿಯಾದದ್ದೇ. ಮೆಲ್ಲಗೆ ಒತ್ತುತ್ತಾನೆ, ಸೊರಗಿದ್ದ ನಾಳಗಳು ತುಂಬಿಕೊಂಡು ಎದ್ದು ಕಾಣುತ್ತವೆ: ಇವು ಕಟ್ಟಬೇಕಾದವು. ಕಷ್ಟವಿರುವುದು ಅಪಧಮನಿಯನ್ನು ಬೇರ್ಪಡಿಸುವುದರಲ್ಲಿ. ಅದು ತೆಳ್ಳಗಿನ ಎಳೆ, ಮಿಡಿತದಿಂದಲೇ ಗುರುತು. ಉಪಕರಣ ಸೋಕಿದರೆ ಸಾಕು, ಸೆಟೆದು ಮಿಡಿತ ನಿಲ್ಲಿಸಿಬಿಡುತ್ತದೆ. ಆಗ ಪಪಾವರಿನ್ ಅಥವಾ ಲಿಗ್ನೊಕೇನ್ ಹನಿಸಿ, ಅದು ಸಡಿಲವಾಗಿ ಮತ್ತೆ ಮಿಡಿಯುವವರೆಗೆ ಕಾಯಬೇಕು. ಉಳಿದ ಅಭಿಧಮನಿಗಳಿಗೆ ಮೇಲೆ ಕೆಳಗೆ ಕ್ಲಿಪ್ ಹಾಕಿ ನಡುವೆ ಕತ್ತರಿಸಿದರೆ ಮುಖ್ಯ ಕೆಲಸ ಮುಗಿಯಿತು. ಎರಡೂ ಕಡೆ ತೊಂದರೆ ಇದ್ದರೆ ಹೊಸ ಗಾಯವೇನೂ ಬೇಡ. ಅದೇ ತೂತುಗಳಿಂದ ಕ್ಯಾಮೆರಾ ಆಚೆ ತಿರುಗಿಸಿದರಾಯಿತು.

ಹೆಚ್ಚಿನವರು ಅದೇ ದಿನ ಇಲ್ಲವೇ ಮರುದಿನ ಮನೆಗೆ ಹೋಗುತ್ತಾರೆ. ಒಂದೆರಡು ದಿನ ಭುಜ ನೋಯುತ್ತದೆ, ಹೊಟ್ಟೆಯ ಆಪರೇಷನ್ನಿಗೆ ಭುಜ ಯಾಕೆ ನೋಯಬೇಕೆಂದು ರೋಗಿಗಳು ಗಾಬರಿಯಾಗುವುದುಂಟು. ಒಳಗುಳಿದ ಗ್ಯಾಸು ವಪೆಯನ್ನು ಕೆಣಕಿದಾಗ ಆ ನೋವು ಭುಜದಲ್ಲಿ ಕಾಣಿಸುತ್ತದೆ, ತಾನಾಗಿ ಇಳಿಯುತ್ತದೆ. ತೊಡೆಯ ಒಂದು ಪಟ್ಟಿ ಜೋಮು ಹಿಡಿದಂತಾದರೆ ಅಲ್ಲಿ ಹಾದುಹೋಗುವ ಸಂವೇದನೆಯ ನರಕ್ಕೆ ಪೆಟ್ಟಾಗಿರಬಹುದು. ಅಪರೂಪಕ್ಕೆ ಕರುಳಿಗೋ ದೊಡ್ಡ ರಕ್ತನಾಳಕ್ಕೋ ಗಾಯವಾಗುವುದಿದೆ. ಮಾರಣಾಂತಿಕವಲ್ಲದ ಕಾಯಿಲೆಗೆ ಹೊಟ್ಟೆಯೊಳಗೆ ಇಳಿಯುತ್ತಿದ್ದೇವೆ ಎಂಬ ಅರಿವು ವೈದ್ಯನಿಗೂ ರೋಗಿಗೂ ಇದ್ದರೆ ಒಳ್ಳೆಯದು.

ಇಷ್ಟಾಗಿ, ಇದು ಎಲ್ಲಕ್ಕಿಂತ ಉತ್ತಮ ವಿಧಾನವೇ? ಪಿತ್ತಕೋಶದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಿತ್ತು: ಪಕ್ಕೆಯ ಕೆಳಗಿನ ಗೇಣುದ್ದದ ಗಾಯದ ಬದಲು ನಾಲ್ಕು ತೂತು. ವೆರಿಕೋಸೀಲಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸೂಕ್ಷ್ಮದರ್ಶಕದ ಆಪರೇಷನ್ನಿನ ಗಾಯವೇ ಎರಡು ಮೂರು ಸೆಂ.ಮೀ., ಅದೂ ಒಳಚಡ್ಡಿಯ ಮರೆಯಲ್ಲಿ. ಹೊಟ್ಟೆ ತೆರೆಯುವ ಮಾತೇ ಇಲ್ಲ. ‘ಕೀ ಹೋಲ್’ ಎಂಬ ಹೆಸರಿಗೆ ಮರುಳಾಗಿ ಗಾಯದ ಉದ್ದ ಅಳೆಯುವ ರೋಗಿ ತಪ್ಪು ಸ್ಕೇಲು ಹಿಡಿದಿದ್ದಾನೆ. ಇಲ್ಲಿ ಅಳೆಯಬೇಕಾದ್ದು ಎರಡನ್ನು: ಉಬ್ಬಿದ ನರ ಮರಳಿ ಬಂತೇ, ಬೀಜದ ಸುತ್ತ ನೀರು ತುಂಬಿತೇ.

ತುರ್ಕಿಯ ಸೆಲಾಹಿಟ್ಟಿನ್ ಚಯಾನ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಲೆಕ್ಕ ಕೊಟ್ಟರು. ನರ ಮರಳಿ ಉಬ್ಬಿದ್ದು ಪಲೋಮೊನ ತೆರೆದ ವಿಧಾನದಲ್ಲಿ ಸುಮಾರು ಶೇ. 15, ಲ್ಯಾಪರೋಸ್ಕೋಪಿಯಲ್ಲಿ ಶೇ. 4.3, ಸೂಕ್ಷ್ಮದರ್ಶಕದಲ್ಲಿ ಶೇ. 1.05. ನೀರು ತುಂಬಿದ್ದು ಅದೇ ಕ್ರಮದಲ್ಲಿ ಶೇ. 8.24, 2.84 ಮತ್ತು 0.44. ಬಸುರಾದ ಪ್ರಮಾಣ ಪಲೋಮೊ ವಿಧಾನದಲ್ಲಿ ಶೇ. 37.7, ಸೂಕ್ಷ್ಮದರ್ಶಕದಲ್ಲಿ ಶೇ. 42, ಲ್ಯಾಪರೋಸ್ಕೋಪಿಯಲ್ಲಿ ಶೇ. 30. ಬೇರೆ ಬೇರೆ ಕಡೆಯ, ಬೇರೆ ಬೇರೆ ಬಗೆಯ ರೋಗಿಗಳ ಲೆಕ್ಕಗಳನ್ನು ಹೀಗೆ ಒಂದೇ ತಕ್ಕಡಿಗೆ ಹಾಕುವುದರಲ್ಲಿ ಕುಂದುಗಳಿವೆ, ದಶಮಾಂಶಗಳನ್ನು ತೀರಾ ನೆಚ್ಚಿಕೊಳ್ಳಬೇಕಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ. ಸಂತಾನಕ್ಕಾಗಿ ಮಾಡುವ ಆಪರೇಷನ್ನಿನಲ್ಲಿ ಇಂದು ಮೊದಲ ಮಣೆ ಸೂಕ್ಷ್ಮದರ್ಶಕಕ್ಕೆ.

ಹೀಗಾಗಲು ಕಾರಣ ಅಂಗರಚನೆಯಲ್ಲೇ ಇದೆ. ಹೊಟ್ಟೆಯೊಳಗೆ ಕಟ್ಟುವಾಗ ನಾಳಗಳ ಸಂಖ್ಯೆ ಕಡಿಮೆ, ಎರಡೋ ಮೂರೋ. ಕೆಲಸ ಬೇಗ ಮುಗಿಯುತ್ತದೆ. ಆದರೆ ತೊಡೆಸಂದಿಯಲ್ಲಿ ಹೊರಸ್ನಾಯುವಿನ ಜೊತೆ ಸಾಗುವ ಪಕ್ಕದ ದಾರಿಗಳು ಅಲ್ಲಿಂದ ಕಾಣುವುದೇ ಇಲ್ಲ. ಹೆದ್ದಾರಿ ಮುಚ್ಚಿದ ಮೇಲೆ ರಕ್ತ ಆ ಒಳದಾರಿ ಹಿಡಿದರೆ ನರ ಮತ್ತೆ ಉಬ್ಬುತ್ತದೆ. ಇನ್ನು ಪಾರದರ್ಶಕವಾದ ದುಗ್ಧನಾಳಗಳು. ಅವನ್ನು ಅಭಿಧಮನಿಯ ಜೊತೆ ಸೇರಿಸಿ ಕಟ್ಟಿಬಿಟ್ಟರೆ ವೃಷಣದ ಸುತ್ತಣ ದ್ರವಕ್ಕೆ ಹೊರಹೋಗಲು ದಾರಿಯಿಲ್ಲ. ಮುಂದೆ ಹೇಳುತ್ತೇವೆಂದ ಹೈಡ್ರೋಸೀಲ್ ಇದೇ. ಕೆಲವು ತಂಡಗಳು ಆಪರೇಷನ್ನಿಗೆ ಮುಂಚೆ ಚೀಲದ ಚರ್ಮದಡಿ ನೀಲಿ ಬಣ್ಣ ಚುಚ್ಚುತ್ತವೆ. ದುಗ್ಧನಾಳಗಳು ಪರದೆಯ ಮೇಲೆ ನೀಲಿಗೆರೆಗಳಾಗಿ ತೋರಿ, ಉಳಿಸಿಕೊಳ್ಳಲು ಬರುತ್ತದೆ. ಎಲ್ಲವನ್ನೂ ಒಟ್ಟಾಗಿ ಕಟ್ಟಿದರೆ ನರ ಮರಳುವುದು ಕಡಿಮೆ, ನೀರು ತುಂಬುವುದು ಹೆಚ್ಚು. ಬಿಡಿಸಿ ಬಿಡಿಸಿ ಉಳಿಸಿದರೆ ಇದರ ತಿರುವುಮುರುವು. ಲ್ಯಾಪರೋಸ್ಕೋಪಿ ಮಾಡುವವರೊಳಗೇ ಈ ಎರಡು ಪಂಗಡಗಳಿವೆ.

ಹಾಗೆಂದು ಹೊಕ್ಕುಳಿನ ದಾರಿಯನ್ನು ಮುಚ್ಚಬೇಕಾಗಿಲ್ಲ. ಎರಡೂ ಕಡೆ ನರ ಉಬ್ಬಿದವರಿಗೆ, ತೊಡೆಸಂದಿಯಲ್ಲಿ ಮೊದಲೇ ಆಪರೇಷನ್ ಆಗಿ ಜಾಗವೆಲ್ಲ ಗಂಟುಗಟ್ಟಿದವರಿಗೆ (ಅಪಧಮನಿ ಉಳಿಸುವ ಷರತ್ತಿನ ಮೇಲೆ), ತೀರಾ ಸ್ಥೂಲಕಾಯದವರಿಗೆ ಇದು ಅನುಕೂಲ. ಮಕ್ಕಳ ಶಸ್ತ್ರವೈದ್ಯರಿಗೆ ಇದರ ಮೇಲೆ ವಿಶೇಷ ಒಲವು. ಎಳೆಯ ಹುಡುಗರ ತೊಡೆಸಂದಿಯಲ್ಲಿ ನಾಳಗಳು ಕೂದಲೆಳೆಯಂತಿರುವಾಗ ಮೇಲೆ ಹೋದಷ್ಟೂ ಅವು ದಪ್ಪವಾಗಿ ಕೈಗೆ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಸೂಕ್ಷ್ಮದರ್ಶಕದಲ್ಲಿ ಕೈ ಪಳಗಲು ವರ್ಷಗಳೇ ಬೇಕು. ಅರೆಬರೆ ಕಲಿತ ಸೂಕ್ಷ್ಮ ಆಪರೇಷನ್ನಿಗಿಂತ ಕೈ ಕುದುರಿದ ವೈದ್ಯ ಮಾಡುವ ಲ್ಯಾಪರೋಸ್ಕೋಪಿ ಮೇಲು. ಕತ್ತಿಯೇ ಬೇಡವೆನ್ನುವವರಿಗೆ ಮೂರನೆಯ ದಾರಿಯಿದೆ: ತೊಡೆಯ ಅಥವಾ ಕುತ್ತಿಗೆಯ ಅಭಿಧಮನಿಯಿಂದ ಸಣ್ಣ ಕೊಳವೆ ಇಳಿಸಿ, ಎಕ್ಸ್‌ರೇ ನೋಡುತ್ತ ಕೆಟ್ಟ ನಾಳದಲ್ಲಿ ಲೋಹದ ಸುರುಳಿ ಕೂರಿಸಿ ಮುಚ್ಚುವುದು. ಪೂರ್ಣ ಅರಿವಳಿಕೆ ಬೇಡ, ನೀರು ತುಂಬುವ ಭಯವಿಲ್ಲ. ಆದರೆ ಬಲಗಡೆಯ ನಾಳಕ್ಕೆ ಕೊಳವೆ ನುಗ್ಗಿಸುವುದು ಹಲವೊಮ್ಮೆ ಆಗದ ಮಾತು.

ಯಾವ ವಿಧಾನ ಎಂಬುದಕ್ಕಿಂತ ದೊಡ್ಡ ತಕರಾರು, ಮಾಡಬೇಕೇ ಬೇಡವೇ ಎಂಬುದು. 2003ರಲ್ಲಿ ಎವರ್ಸ್ ಮತ್ತು ಕಾಲಿನ್ಸ್ ಎಂಬಿಬ್ಬರು ಆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿ, ನರ ಕಟ್ಟಿದರೆ ಬಸುರಾಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು ಬರೆದಾಗ ದೊಡ್ಡ ಗುಲ್ಲೆದ್ದಿತು. ವಿರೋಧಿಗಳ ವಾದದಲ್ಲೂ ಹುರುಳಿತ್ತು: ಲೆಕ್ಕಕ್ಕೆ ತೆಗೆದುಕೊಂಡವರಲ್ಲಿ ಕೈಗೆ ಸಿಗದ, ಸ್ಕ್ಯಾನಿನಲ್ಲಷ್ಟೇ ಕಂಡ ವೆರಿಕೋಸೀಲಿನವರೂ ವೀರ್ಯ ಚೆನ್ನಾಗಿಯೇ ಇದ್ದವರೂ ಸೇರಿದ್ದರು. ಮುಂದೆ 2011ರಲ್ಲಿ ಸೌದಿ ಅರೇಬಿಯಾದಿಂದ ಬಂದ ಪ್ರಯೋಗದಲ್ಲಿ, ನರ ಕೈಗೆ ಸಿಗುವ ಮತ್ತು ವೀರ್ಯ ಕೆಟ್ಟಿರುವ ಗಂಡಸರನ್ನಷ್ಟೇ ಆರಿಸಿ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದಾಗ, ಆಪರೇಷನ್ ಆದವರಲ್ಲಿ ಶೇ. 32.9, ಆಗದವರಲ್ಲಿ ಶೇ. 13.9 ದಂಪತಿಗಳಿಗೆ ಬಸುರು ನಿಂತಿತು. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2021ರ ಪರಿಶೀಲನೆ 48 ಪ್ರಯೋಗಗಳ 5,384 ಗಂಡಸರನ್ನು ನೋಡಿ, ಪ್ರಯೋಜನವಿರಬಹುದು ಆದರೆ ಪುರಾವೆ ಗಟ್ಟಿಯಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಿತು.

ದೇಶಗಳೂ ಒಮ್ಮತಕ್ಕೆ ಬಂದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಸಂತಾನಕ್ಕೆಂದು ಈ ಆಪರೇಷನ್ ಮಾಡಬೇಡಿ ಎಂದಿತು. ಅಮೆರಿಕದ ಮೂತ್ರರೋಗ ಮತ್ತು ಸಂತಾನ ತಜ್ಞರ ಸಂಘಗಳು 2020ರಲ್ಲಿ, ನರ ಕೈಗೆ ಸಿಗುತ್ತಿದ್ದು ವೀರ್ಯವೂ ಸರಿಯಿಲ್ಲದಿದ್ದರೆ ಯೋಚಿಸಿ ಮಾಡಿ, ಸ್ಕ್ಯಾನಿನಲ್ಲಷ್ಟೇ ಕಂಡರೆ ಮಾಡಬೇಡಿ ಎಂದವು. ನಮ್ಮೂರ ರೋಗಿಗಳು ನೆನಪಿಡಬೇಕಾದ್ದು ಈ ಎರಡನೆಯ ಭಾಗವನ್ನು. ಡಾಪ್ಲರ್ ಸ್ಕ್ಯಾನ್ ಈಗ ತಾಲ್ಲೂಕು ಪಟ್ಟಣಗಳಲ್ಲೂ ಸಿಗುತ್ತದೆ, ಅದರ ವರದಿಯಲ್ಲಿ ‘ಗ್ರೇಡ್ 1’ ಎಂಬ ಅಕ್ಷರ ಕಂಡರೆ ಸಾಕು, ಮೊಬೈಲಿನಲ್ಲಿ ಹುಡುಕಿ ನಿದ್ದೆಗೆಡುವ ಯುವಕರು ಬೇಕಾದಷ್ಟಿದ್ದಾರೆ. ಈ ಕಾಯಿಲೆಯ ನಿಜವಾದ ಪರೀಕ್ಷೆ ಇಂದಿಗೂ ಬೆಚ್ಚಗಿನ ಕೋಣೆ, ನಿಂತ ರೋಗಿ, ವೈದ್ಯನ ಬೆರಳು. ಡ್ಯೂಬಿನ್ ಮತ್ತು ಅಮೆಲಾರ್ 1970ರಲ್ಲಿ ಮಾಡಿದ ವರ್ಗೀಕರಣವೇ ಬಳಕೆಯಲ್ಲಿದೆ: ಮುಕ್ಕರಿದಾಗ ಮಾತ್ರ ಕೈಗೆ ಸಿಕ್ಕರೆ ಒಂದು, ಸುಮ್ಮನೆ ನಿಂತಾಗಲೂ ಸಿಕ್ಕರೆ ಎರಡು, ಕಣ್ಣಿಗೇ ಕಂಡರೆ ಮೂರು. ಮೂರನೆಯದನ್ನು ಮುಟ್ಟಿದರೆ ಎರೆಹುಳುಗಳ ಗಂಟು ಮುಟ್ಟಿದ ಹಾಗೆ.

ನೋವಿಗಾಗಿ ಬರುವವರ ಕಥೆ ಬೇರೆ. ದಿನವಿಡೀ ನಿಂತು ದುಡಿಯುವವರಿಗೆ ಸಂಜೆ ಹೊತ್ತಿಗೆ ಜಗ್ಗಿದಂತೆ, ಭಾರವಾದಂತೆ ಮಂದ ನೋವು, ಮಲಗಿದರೆ ಕಡಿಮೆ. ಬಿಗಿಯಾದ ಒಳಉಡುಪು, ನೋವಿನ ಮಾತ್ರೆ, ಸ್ವಲ್ಪ ವಿಶ್ರಾಂತಿಯಿಂದ ಹಲವರು ಸುಧಾರಿಸುತ್ತಾರೆ. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗ ತಜ್ಞ’ರ ಹೆಸರು ಓದಿ ಲಾಡ್ಜಿನ ಕೋಣೆಗೆ ಹೋಗುವವರೂ ಇವರಲ್ಲೇ ಹೆಚ್ಚು, ಅಲ್ಲಿ ಕೊಡುವ ಪುಡಿ, ಎಣ್ಣೆಗಳಿಂದ ಸೋತ ಕವಾಟ ಸರಿಯಾಗುವುದಿಲ್ಲ.

ಹದಿನಾಲ್ಕು ಹದಿನೈದರ ಹುಡುಗರ ವಿಷಯದಲ್ಲಿ ತೀರ್ಮಾನ ಇನ್ನೂ ಕಷ್ಟ. ವೀರ್ಯ ಪರೀಕ್ಷೆ ಮಾಡಿಸುವ ವಯಸ್ಸಲ್ಲ, ಮುಂದೆ ಮಕ್ಕಳಾಗುತ್ತವೋ ಇಲ್ಲವೋ ಎಂದು ಈಗಲೇ ಹೇಳಲು ಬರುವುದಿಲ್ಲ. ಎಡ ವೃಷಣ ಬಲದ್ದಕ್ಕಿಂತ ಶೇ. 20ರಷ್ಟು ಅಥವಾ 2 ಮಿ.ಲೀ.ಗಿಂತ ಹೆಚ್ಚು ಸಣ್ಣದಾಗಿದ್ದು, ಅದು ಹಾಗೇ ಮುಂದುವರಿದರೆ ಆಪರೇಷನ್ ಎಂಬುದು ಯುರೋಪಿನವರ ಸಲಹೆ. ಬೆಳೆಯುವ ವಯಸ್ಸಿನಲ್ಲಿ ಹಿಂದುಳಿದ ವೃಷಣ ತಾನಾಗಿ ಜೊತೆಗೂಡುವುದೂ ಇರುವುದರಿಂದ ಒಂದೇ ಅಳತೆಗೆ ಆತುರಪಡದೆ, ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಅಳೆಯುವುದು ವಾಡಿಕೆ.

ನಮ್ಮ ಆಸ್ಪತ್ರೆಗಳಲ್ಲಿ ವಿಧಾನ ಆರಿಸುವುದು ಬಹುಪಾಲು ಪುರಾವೆಯಲ್ಲ, ಸಲಕರಣೆ. ಲ್ಯಾಪರೋಸ್ಕೋಪು ನಮ್ಮ ಹಳ್ಳಿಗಳಿಗೆ ಬಂದದ್ದೇ ಹೆಂಗಸರ ಸಂತಾನಹರಣ ಶಿಬಿರಗಳ ಮೂಲಕ. ಇಂದಿಗೂ ಹಳ್ಳಿಯಲ್ಲಿ ಆ ಹೆಸರು ಹೇಳಿದರೆ ಅಮ್ಮಂದಿರು ಅಂದುಕೊಳ್ಳುವುದು ಅದನ್ನೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಂಗಸರು ಶೇ. 37.9, ಗಂಡಸರು ಶೇ. 0.3. ಮಕ್ಕಳು ಸಾಕೆಂದಾಗ ಹೆಂಡತಿಯ ಹೊಟ್ಟೆಗೆ, ಮಕ್ಕಳು ಬೇಕೆಂದಾಗ ಗಂಡನ ಹೊಟ್ಟೆಗೆ ಅದೇ ಕ್ಯಾಮೆರಾ ಇಳಿಯುತ್ತದೆ ಎಂಬುದು ವಿಚಿತ್ರವಾದರೂ ನಿಜ. ಶಸ್ತ್ರಚಿಕಿತ್ಸೆಗೆ ಹೊಂದುವ ಸೂಕ್ಷ್ಮದರ್ಶಕ, ಅದರಲ್ಲಿ ಕೈ ಪಳಗಿದ ಯೂರಾಲಜಿಸ್ಟ್ ಎರಡೂ ಒಟ್ಟಿಗೆ ಸಿಗುವುದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂಥ ನಗರಗಳಲ್ಲಿ. ಪಿತ್ತಕೋಶ, ಅಪೆಂಡಿಕ್ಸ್ ತೆಗೆಯುವ ಲ್ಯಾಪರೋಸ್ಕೋಪಿ ಘಟಕ ಈಗ ಸಣ್ಣ ನರ್ಸಿಂಗ್ ಹೋಮುಗಳಲ್ಲೂ ಇದೆ. ಊರಿನಲ್ಲಿ ಇರುವುದರಿಂದಲೇ ಕೆಲಸ ಆಗಲಿ ಎನ್ನುವುದು ತಪ್ಪಲ್ಲ. ಆದರೆ ರೋಗಿ ಟೇಬಲ್ ಏರುವ ಮುಂಚೆ, ಅಪಧಮನಿ ಉಳಿಸುತ್ತೀರಾ, ನಿಮ್ಮಲ್ಲಿ ಆಪರೇಷನ್ ಆದವರಲ್ಲಿ ಎಷ್ಟು ಜನಕ್ಕೆ ನೀರು ತುಂಬಿತು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ವೀರ್ಯಾಣು ಒಂದು ಹುಟ್ಟಿ ಪಕ್ವವಾಗಲು ಸುಮಾರು 74 ದಿನ ಬೇಕು. ಹಾಗಾಗಿ ಆಪರೇಷನ್ ಆದ ಮರುವಾರವೇ ‘ಕೌಂಟ್’ ನೋಡಿಸಿಕೊಂಡು ಬೇಸರಪಡುವುದರಲ್ಲಿ ಅರ್ಥವಿಲ್ಲ. ಮೊದಲ ಪರೀಕ್ಷೆ ಮೂರು ತಿಂಗಳಿಗೆ, ಮುಂದಿನದು ಆರಕ್ಕೆ. ಮಿಲಿಲೀಟರಿಗೆ 1.6 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೆಳಮಿತಿ. ಅದನ್ನು ದಾಟದಿದ್ದರೂ ಮೊದಲಿಗಿಂತ ಏರಿದ್ದರೆ, ಇಕ್ಸಿ ಬೇಕೆಂದವರಿಗೆ ಗರ್ಭಕೋಶಕ್ಕೆ ವೀರ್ಯ ಸೇರಿಸುವ ಸರಳ ಚಿಕಿತ್ಸೆ ಸಾಕಾಗಬಹುದು, ಖರ್ಚಿನಲ್ಲಿ ಅದು ದೊಡ್ಡ ವ್ಯತ್ಯಾಸ. ಏರದಿದ್ದರೆ ಮತ್ತೆ ಡಾಪ್ಲರ್. ನರ ಮರಳಿದ್ದರೆ ಹೊಟ್ಟೆಯ ದಾರಿ ಬಿಟ್ಟು ತೊಡೆಸಂದಿಯಿಂದಲೋ ಕೊಳವೆಯಿಂದಲೋ ಮುಚ್ಚುತ್ತಾರೆ. ಹೆಂಡತಿಗೆ ಆಗಲೇ ಮೂವತ್ತಾರು ಮೂವತ್ತೇಳು ದಾಟಿದ್ದರೆ ಬಹಳಷ್ಟು ತಜ್ಞರು ಈ ಕಾಯುವಿಕೆಗೆ ಒಪ್ಪುವುದಿಲ್ಲ. ನರವನ್ನು ಅದರ ಪಾಡಿಗೆ ಬಿಟ್ಟು ದಂಪತಿಯನ್ನು ನೇರವಾಗಿ ಐವಿಎಫ್ ಕೇಂದ್ರಕ್ಕೆ ಕಳಿಸುತ್ತಾರೆ.